ಮೊದಲ ನೋಟ, ಮರುನೋಟ: ಪ್ರತಿಕ್ರಿಯೆಯಿಂದ ಅಭಿಪ್ರಾಯದವರೆಗೆ

ತರಗತಿ: ಪ್ರೌಢಶಾಲೆ. ಅವಧಿ: 2 ಪೀರಿಯಡ್‌ಗಳು.

ಉದ್ದೇಶ: ತಮಗೆ ಅನಿಸಿದ್ದನ್ನು ಕಾರಣಸಹಿತವಾಗಿ ಹೇಳುವ, ಇನ್ನೊಬ್ಬರ ಅನಿಸಿಕೆಗೆ ಸೌಜನ್ಯದಿಂದ ಉತ್ತರಿಸುವ ಸಾಮರ್ಥ್ಯವನ್ನು ವಿದ್ಯಾರ್ಥಿಗಳಲ್ಲಿ ಬೆಳೆಸುವುದು.

ಪೀಠಿಕೆ

ಹಳೆಯ ಚಲನಚಿತ್ರವೊಂದನ್ನು ಮೊದಲ ಸಲ ನೋಡುವವರು ತಮ್ಮ ಭಯ, ನಗೆ, ಬೆರಗುಗಳನ್ನು ಆ ಕ್ಷಣದಲ್ಲಿಯೇ ಚಿತ್ರೀಕರಿಸಿ ಪ್ರಕಟಿಸುವುದುಂಟು. ಇದನ್ನು ರಿಯಾಕ್ಷನ್ ವಿಡಿಯೋ ಎನ್ನುತ್ತಾರೆ. ಚಿತ್ರವನ್ನು ಹತ್ತಾರು ಸಲ ನೋಡಿದ ಅಭಿಮಾನಿಗಳೂ ಇಂಥ ವಿಡಿಯೋಗಳನ್ನು ಕುತೂಹಲದಿಂದ ನೋಡಿ ಚರ್ಚಿಸುತ್ತಾರೆ. ತಮಗೆ ಮತ್ತೆ ದೊರೆಯದ ಮೊದಲ ನೋಟವನ್ನು ಅವರು ಇನ್ನೊಬ್ಬರ ಮುಖದಲ್ಲಿ ಕಾಣುತ್ತಾರೆ. ಮೊದಲ ನೋಟದವರಿಗೂ ಮರುನೋಟದವರಿಗೂ ನಡುವಿನ ಈ ಮಾತುಕತೆ ಭಾಷಾಬೋಧನೆಗೆ ಒಳ್ಳೆಯ ಸಾಮಗ್ರಿ.

ನಿದರ್ಶನ

ಆಲ್ಫ್ರೆಡ್ ಹಿಚ್‌ಕಾಕ್ ನಿರ್ದೇಶಿಸಿದ ‘ನಾರ್ತ್ ಬೈ ನಾರ್ತ್‌ವೆಸ್ಟ್’ 1959ರಲ್ಲಿ ತೆರೆಕಂಡ ಗೂಢಚರ್ಯೆಯ ಚಿತ್ರ. ನಾಯಕ ಥಾರ್ನ್‌ಹಿಲ್ ಜಾಹೀರಾತು ವೃತ್ತಿಯವನು; ಪಾತ್ರಧಾರಿ ಕ್ಯಾರಿ ಗ್ರಾಂಟ್. ಶತ್ರುಗಳು ಅವನನ್ನು ಕ್ಯಾಪ್ಲನ್ ಎಂಬ ಗೂಢಚಾರನೆಂದು ತಪ್ಪಾಗಿ ತಿಳಿದು ಬೆನ್ನಟ್ಟುತ್ತಾರೆ. ಕ್ಯಾಪ್ಲನ್ ಎಂಬುವನೇ ಇಲ್ಲ. ಅದು ಗುಪ್ತಚರ ಅಧಿಕಾರಿಗಳ ಕಲ್ಪನೆ. ಇದು ಪ್ರೇಕ್ಷಕರಿಗೆ ಬೇಗನೆ ತಿಳಿಯುತ್ತದೆ. ನಾಯಕನಿಗೆ ಬಹುಕಾಲ ತಿಳಿಯದು.

ಚಿತ್ರದ ಎರಡು ಸನ್ನಿವೇಶಗಳನ್ನು ಹೋಲಿಸಬಹುದು. ಒಂದರಲ್ಲಿ, ನಾಯಕಿ ಈವ್‌ಳ ಮಾತನ್ನು ನಂಬಿ ಥಾರ್ನ್‌ಹಿಲ್ ನಿರ್ಜನವಾದ ಬಯಲಿನ ರಸ್ತೆಯಲ್ಲಿ ಬಸ್ಸಿನಿಂದ ಇಳಿಯುತ್ತಾನೆ. ಅವಳಿಗೆ ಶತ್ರುಗಳ ಸಂಪರ್ಕವಿರುವುದನ್ನು ಪ್ರೇಕ್ಷಕರು ಆಗಲೇ ಕಂಡಿರುತ್ತಾರೆ. ದೂರದಲ್ಲಿ ಬೆಳೆಗೆ ಔಷಧ ಸಿಂಪಡಿಸುವ ವಿಮಾನವೊಂದು ಹಾರಾಡುತ್ತಿದೆ. ಆದರೆ ಅಲ್ಲಿ ಬೆಳೆಯೇ ಇಲ್ಲ. ಹಿನ್ನೆಲೆ ಸಂಗೀತವೂ ಇಲ್ಲ. ಅಪಾಯ ಖಚಿತ, ಅದರ ರೂಪ ಅಜ್ಞಾತ. ಇದು ತವಕ. ಇನ್ನೊಂದರಲ್ಲಿ, ಮೌಂಟ್ ರಷ್‌ಮೋರ್ ಬಳಿಯ ಉಪಾಹಾರಗೃಹದಲ್ಲಿ ಈವ್ ಹಠಾತ್ತನೆ ಪಿಸ್ತೂಲು ತೆಗೆದು ಥಾರ್ನ್‌ಹಿಲ್‌ನತ್ತ ಗುಂಡು ಹಾರಿಸುತ್ತಾಳೆ. ಅದು ಹುಸಿಗುಂಡೆಂಬುದು ಅನಂತರ ತಿಳಿಯುತ್ತದೆ. ಇದು ಬೆರಗು.

ಈ ಭೇದವನ್ನು ಹಿಚ್‌ಕಾಕ್ ಒಂದು ಉದಾಹರಣೆಯಿಂದ ವಿವರಿಸಿದ್ದಾರೆ. ಮೇಜಿನಡಿಯ ಬಾಂಬ್ ಹಠಾತ್ತನೆ ಸಿಡಿದರೆ ಪ್ರೇಕ್ಷಕರಿಗೆ 15 ಸೆಕೆಂಡುಗಳ ಬೆರಗು. ಬಾಂಬ್ ಇರುವುದು ಮೊದಲೇ ತಿಳಿದಿದ್ದರೆ 15 ನಿಮಿಷಗಳ ತವಕ.

ಉಪಾಹಾರಗೃಹದ ದೃಶ್ಯದ ಒಂದು ವಿವರ ಅಭಿಮಾನಿಗಳಲ್ಲಿ ಪ್ರಸಿದ್ಧ. ಗುಂಡು ಹಾರುವ ಮುನ್ನವೇ ಹಿಂಬದಿಯಲ್ಲಿ ಕುಳಿತ ಹುಡುಗನೊಬ್ಬ ಕಿವಿ ಮುಚ್ಚಿಕೊಳ್ಳುತ್ತಾನೆ. ತಾಲೀಮಿನಲ್ಲಿ ಸದ್ದು ಕೇಳಿದ್ದರಿಂದ ಹಾಗೆ ಮಾಡಿರಬೇಕೆಂಬುದು ಊಹೆ. ಮೊದಲ ಸಲ ನೋಡುವವರ ಕಣ್ಣು ಪಿಸ್ತೂಲಿನ ಮೇಲೆಯೇ ಇರುವುದರಿಂದ ಹುಡುಗ ಸಾಮಾನ್ಯವಾಗಿ ಕಾಣುವುದಿಲ್ಲ. ಹಾಗೆಂದು ಅವರು ಚಿತ್ರವನ್ನು ಸರಿಯಾಗಿ ನೋಡಲಿಲ್ಲವೆನ್ನಲಾಗದು. ನಿರ್ದೇಶಕ ನೋಡಬೇಕೆಂದುದನ್ನೇ ಅವರು ನೋಡಿದರು. ಮರುನೋಟ ಕಟ್ಟಡದ ಬಿರುಕನ್ನು ಕಾಣುತ್ತದೆ; ಮೊದಲ ನೋಟ ಆ ಕಟ್ಟಡದಲ್ಲಿ ವಾಸಿಸುತ್ತದೆ. ಎರಡೂ ಬೇಕು.

ಬೋಧನಾಕ್ರಮ

1. ಚಿತ್ರ ದೊರೆಯದಿದ್ದಲ್ಲಿ ಶಿಕ್ಷಕರು ಬಯಲಿನ ಸನ್ನಿವೇಶವನ್ನು ಕಥೆಯಾಗಿ ಹೇಳಿ, ವಿಮಾನ ಹತ್ತಿರ ಬರುವಲ್ಲಿ ನಿಲ್ಲಿಸುವುದು. ಪ್ರತಿಯೊಬ್ಬ ವಿದ್ಯಾರ್ಥಿಯೂ ಆಗ ಅನಿಸಿದ್ದನ್ನು ಒಂದೇ ವಾಕ್ಯದಲ್ಲಿ ಬರೆಯಲಿ.

2. ಕಥೆ ಮುಗಿದ ಮೇಲೆ ಆ ವಾಕ್ಯಕ್ಕೆ ‘ಏಕೆಂದರೆ’ ಎಂಬ ಪದದಿಂದ ಕಾರಣವನ್ನು ಸೇರಿಸಲಿ. ಪ್ರತಿಕ್ರಿಯೆ ಅಭಿಪ್ರಾಯವಾಗುವುದು ಇಲ್ಲಿ.

3. ಜೊತೆಗಾರನ ವಾಕ್ಯಕ್ಕೆ ‘ಹೌದು, ಆದರೂ’, ‘ಹಾಗಿದ್ದರೆ’, ‘ನನಗೆ ತೋರಿದಂತೆ’ ಎಂಬ ಪದಗಳನ್ನು ಬಳಸಿ ಉತ್ತರಿಸಲಿ.

4. ಉತ್ತರಗಳಲ್ಲಿ ಕಂಡದ್ದು ಯಾವುದು, ಊಹಿಸಿದ್ದು ಯಾವುದು ಎಂಬುದನ್ನು ಬೇರ್ಪಡಿಸಲಿ. ಹುಡುಗ ಕಿವಿ ಮುಚ್ಚಿದ್ದು ಕಂಡದ್ದು. ತಾಲೀಮಿನ ಕಾರಣ ಊಹಿಸಿದ್ದು.

ಶಿಕ್ಷಕರ ಗಮನಕ್ಕೆ

ಗಡಿಭಾಗದ ಮಗುವಿಗೆ ಅಂಗಡಿ, ಬಸ್ಸು, ಕಚೇರಿಗಳಲ್ಲಿ ಹಲವೊಮ್ಮೆ ಬೇರೊಂದು ಭಾಷೆ ಬೇಕಾಗುತ್ತದೆ. ಕನ್ನಡದಲ್ಲಿ ವಾದಿಸುವ, ಒಪ್ಪದಿರುವ, ಮನಸ್ಸು ಬದಲಿಸುವ ಅವಕಾಶ ತರಗತಿಯಲ್ಲಿಯೂ ದೊರೆಯದಿದ್ದರೆ, ಆ ಭಾಷೆ ಕಪ್ಪುಹಲಗೆಯಿಂದ ಉತ್ತರ ನಕಲು ಮಾಡುವ ಭಾಷೆಯಾಗಿ ಉಳಿಯುತ್ತದೆ. ಆದುದರಿಂದ ಮೊದಲ ವಾಕ್ಯದಲ್ಲಿ ಮಲಯಾಳ, ಮರಾಠಿ, ತೆಲುಗು, ತಮಿಳು ಪದಗಳು ಬೆರೆತರೆ ಒಡನೆಯೇ ತಿದ್ದಬಾರದು. ಅನಿಸಿಕೆ ಪೂರ್ಣವಾಗಿ ಹೊರಬಂದ ಮೇಲೆ ಕನ್ನಡ ಪದವನ್ನು ಒದಗಿಸಬಹುದು. ಕಥೆಯನ್ನು ಬಲ್ಲ ಶಿಕ್ಷಕರು ತಮ್ಮ ವ್ಯಾಖ್ಯಾನವನ್ನು ಮೊದಲೇ ಹೇಳಿಬಿಟ್ಟರೆ, ಮಗುವಿನ ಮೊದಲ ನೋಟ ಮತ್ತೆ ಬಾರದು.

ಅಭ್ಯಾಸ

ಯಕ್ಷಗಾನ ಅಥವಾ ಬಯಲಾಟದಲ್ಲಿ ಚಕ್ರವ್ಯೂಹವನ್ನು ಹೊಕ್ಕ ಅಭಿಮನ್ಯು ಹಿಂದಿರುಗುವುದಿಲ್ಲವೆಂಬುದು ನೋಡುಗರಿಗೆ ತಿಳಿದೇ ಇರುತ್ತದೆ. ಆದರೂ ಅವರು ಎವೆಯಿಕ್ಕದೆ ನೋಡುತ್ತಾರೆ. ಇದು ತವಕವೋ, ಬೆರಗೋ, ಅಥವಾ ಮೂರನೆಯದೊಂದು ಭಾವವೋ? ಮನೆಯ ಹಿರಿಯರೊಬ್ಬರನ್ನು ಕೇಳಿ ತಿಳಿದು, ಅವರ ಅಭಿಪ್ರಾಯವನ್ನೂ ತಮ್ಮ ಉತ್ತರವನ್ನೂ ವಿದ್ಯಾರ್ಥಿಗಳು ಹತ್ತು ವಾಕ್ಯಗಳಲ್ಲಿ ಬರೆದು ತರಲಿ.