ಲಾಕ್‌ಡೌನ್ ಸಡಿಲಾಯಿತು, ಭಯ ಸಡಿಲಾಗಿಲ್ಲ

ಪ್ರಶ್ನೆ: ನನಗೆ 34 ವರ್ಷ, ಬೆಂಗಳೂರು. 2020ರ ಜೂನ್ 8ರಿಂದ ದೇವಸ್ಥಾನ, ಹೋಟೆಲ್, ಮಾಲ್ ತೆರೆದಿವೆ. ಕಚೇರಿಯಿಂದಲೂ ಕರೆ ಬಂದಿದೆ. ಆದರೆ ಗೇಟು ದಾಟಿದರೆ ಎದೆ ಡವಡವ ಎನ್ನುತ್ತದೆ. ಮನೆಯಲ್ಲಿ 68 ವರ್ಷದ ಅತ್ತೆ ಇದ್ದಾರೆ. ನನ್ನಿಂದ ಅವರಿಗೆ ಕೊರೊನಾ ಬಂದರೆ?

ಉತ್ತರ: ಮಾರ್ಚ್ 25ರಿಂದ ‘ಹೊರಗೆ ಬಂದರೆ ಅಪಾಯ’ ಎಂದೇ ಕೇಳುತ್ತಿದ್ದ ಮನಸ್ಸು ಒಂದು ಸರ್ಕಾರಿ ಆದೇಶಕ್ಕೆ ಬದಲಾಗುವುದಿಲ್ಲ. ನಿಮ್ಮ ಭಯ ಸಹಜ. ಆದರೆ ಹೆದರಿ ಒಳಗೇ ಉಳಿದಷ್ಟೂ ಅದು ಬಲಿಯುತ್ತದೆ.

ಹಂತ ಹಂತವಾಗಿ ಹೊರಡಿ. ಮೊದಲು ಬೆಳಿಗ್ಗೆ ಬೀದಿಯ ಕೊನೆಯವರೆಗೆ ನಡೆದು ಬನ್ನಿ. ಅದು ಸಲೀಸಾದ ಮೇಲೆ ತರಕಾರಿ ಅಂಗಡಿ, ಆಮೇಲೆ ರಶ್ ಇಲ್ಲದ ಹೊತ್ತಿನ ಬಸ್ಸು. ಎದೆಬಡಿತ ಏರಿದರೆ ಓಡಿ ಬರಬೇಡಿ. ಜನರಿಂದ ದೂರ ಸರಿದು, ನಿಧಾನವಾಗಿ ಉಸಿರು ಬಿಡುತ್ತಾ ಕೆಲ ನಿಮಿಷ ನಿಲ್ಲಿ. ಅದು ತಾನಾಗಿಯೇ ಇಳಿಯುತ್ತದೆ.

ಅತ್ತೆಯವರ ಬಗೆಗಿನ ಆತಂಕಕ್ಕೆ ಆಧಾರವಿದೆ. ಲಾಕ್‌ಡೌನ್ ಸಡಿಲಿಸಿದ 2020ರ ಆದೇಶದಲ್ಲೂ 65 ದಾಟಿದವರು ಮನೆಯಲ್ಲೇ ಇರಬೇಕೆಂಬ ಸಲಹೆ ಇತ್ತು. ಆದ್ದರಿಂದ ಮನೆಯಲ್ಲಿ ಹಿರಿಯರಿದ್ದಾರೆಂದು ಕಚೇರಿಯಲ್ಲಿ ತಿಳಿಸಿ, ವಾರದ ಕೆಲವು ದಿನವಾದರೂ ಮನೆಯಿಂದ ಕೆಲಸ ಕೇಳಿ. ಹೊರಗೆ ಮೂಗು-ಬಾಯಿ ಮುಚ್ಚುವ ಮಾಸ್ಕ್, ಬಂದೊಡನೆ ಸೋಪಿನಿಂದ 20 ಸೆಕೆಂಡು ಕೈತೊಳೆತ, ಮನೆಯಲ್ಲಿ ತೆರೆದ ಕಿಟಕಿ, ಜ್ವರ-ಕೆಮ್ಮು ಕಂಡರೆ ಬೇರೆ ಕೋಣೆ: ಇಷ್ಟನ್ನು ತಪ್ಪದೆ ಮಾಡಿ. ಪದೇ ಪದೇ ಸ್ನಾನ, ಗಂಟೆಗೊಮ್ಮೆ ಟಿವಿಯಲ್ಲಿ ಸೋಂಕಿತರ ಲೆಕ್ಕ ನೋಡುವುದು ಬೇಡ.

ಎರಡು ವಾರ ಪ್ರಯತ್ನಿಸಿಯೂ ಭಯ ತಗ್ಗದೆ ನಿದ್ದೆ, ಊಟ ಕೆಟ್ಟರೆ ಸಂಕೋಚಪಡದೆ ಮನೋವೈದ್ಯರನ್ನು ಕಾಣಿ, ಇಲ್ಲವೇ ನಿಮ್ಹಾನ್ಸ್ ಸಹಾಯವಾಣಿಗೆ ಕರೆ ಮಾಡಿ.