ಡಬ್ಬಿಯ ಮೇಲಿನ ವಾಟ್ ಅಲ್ಲ, ಲೇಬಲ್ಲಿನ ಆಂಪಿಯರ್ ನೋಡಿ

ಪ್ರಶ್ನೆ: ನಾನು ಸಿದ್ದಾಪುರ ತಾಲೂಕಿನ ಹಳ್ಳಿಯವಳು. ಮನೆಯಲ್ಲೇ ಕುಳಿತು ಶಿರಸಿ, ಯಲ್ಲಾಪುರದ ಸ್ಟುಡಿಯೊಗಳಿಗೆ ಮದುವೆ, ಉಪನಯನದ ವಿಡಿಯೊ ಮಿಕ್ಸಿಂಗ್ ಮಾಡಿಕೊಡುತ್ತೇನೆ. ಒಮ್ಮೊಮ್ಮೆ ಯಕ್ಷಗಾನದ ಆಟದ ರೆಕಾರ್ಡಿಂಗೂ ಬರುತ್ತದೆ. ಐ5-12400 ಪ್ರೊಸೆಸರಿನ ಕಂಪ್ಯೂಟರ್. ಈಗ ಎಲ್ಲರೂ 4ಕೆ ಫುಟೇಜ್ ಕೊಡುತ್ತಾರೆ, ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್ ತೆವಳುತ್ತದೆ. ಹಾಗಾಗಿ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡ್ ಹಾಕಿಸುವ ಯೋಚನೆ. ಅಂಗಡಿಯವರು, "ಇರುವ 450 ವಾಟ್ ಎಸ್‌ಎಂಪಿಎಸ್ಸೇ (ಪವರ್ ಸಪ್ಲೈ) ಸಾಕು, ಒಂದು ಕನ್ವರ್ಟರ್ ಹಾಕಿದರಾಯ್ತು" ಎನ್ನುತ್ತಾರೆ. ಬೆಂಗಳೂರಿನಲ್ಲಿರುವ ಮೈದುನ, "750 ಇಲ್ಲದೆ ಮುಟ್ಟಲೇಬೇಡಿ ಅತ್ತಿಗೆ" ಎನ್ನುತ್ತಾನೆ. ಅಷ್ಟು ದೊಡ್ಡದು ಹಾಕಿದರೆ ಹಳೆ ಮನೆಯ ವೈರಿಂಗ್ ಸುಟ್ಟೀತು ಎಂದು ಅತ್ತೆಗೆ ಹೆದರಿಕೆ. ಸಂಜೆ ನಮ್ಮಲ್ಲಿ ವೋಲ್ಟೇಜ್ ಬೇರೆ ಇರುವುದಿಲ್ಲ. ಎಸ್‌ಎಂಪಿಎಸ್ಸಿನ ಲೇಬಲ್ ಫೋಟೊ ಕಳಿಸಿದ್ದೇನೆ. ಯಾರ ಮಾತು ಕೇಳಲಿ?
– ಓದುಗರು, ಸಿದ್ದಾಪುರ ತಾಲೂಕು

ಉತ್ತರ: ಮೂವರ ಮಾತನ್ನೂ ಬಿಟ್ಟು ನೀವೇ ತೆಗೆದ ಫೋಟೊ ನೋಡಿ. ಅಂಗಡಿಯವರು ಹೇಳಿದ ಹಾಗೆ ಇರುವುದರ ಮೇಲೆ ಆ ಕಾರ್ಡ್ ಕೂರಿಸಬೇಡಿ. ಮೈದುನ ಹೇಳಿದ 750 ಕೂಡ ಬೇಕಿಲ್ಲ. ಒಳ್ಳೆಯ ಕಂಪನಿಯ 550 ವಾಟ್ ಎಸ್‌ಎಂಪಿಎಸ್ ಸಾಕು. ಯಾಕೆಂದು ಹೇಳುತ್ತೇನೆ.

ನಿಮ್ಮ ಲೇಬಲ್ಲಿನಲ್ಲಿ ದಪ್ಪ ಅಕ್ಷರದಲ್ಲಿ 450 ಎಂದಿದೆ. ಅದರ ಕೆಳಗೆ ಸಣ್ಣದೊಂದು ಕೋಷ್ಟಕವಿದೆ: 3.3 ವೋಲ್ಟಿಗೆ 20 ಆಂಪಿಯರ್, 5 ವೋಲ್ಟಿಗೆ 22, 12 ವೋಲ್ಟಿಗೆ 16. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವಾಟ್ ಸಿಗುತ್ತದೆ. 66, 110, 192. ಮೂರನ್ನೂ ಕೂಡಿಸಿದರೆ 368. ಅವರೇ ಬರೆದ ಲೆಕ್ಕ ಅವರೇ ಬರೆದ 450ನ್ನು ಮುಟ್ಟುವುದಿಲ್ಲ! ಅದಕ್ಕಿಂತ ಮುಖ್ಯವಾದದ್ದು ಆ 192. ಇಂದಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಉಣ್ಣುವುದು 12 ವೋಲ್ಟಿನ ಸಾಲಿನಿಂದಲೇ. ಉಳಿದ ಸಾಲುಗಳಲ್ಲಿ ಎಷ್ಟೇ ಇದ್ದರೂ ಇವಕ್ಕೆ ಪ್ರಯೋಜನವಿಲ್ಲ.

ಈಗ ಬೇಕಾದದ್ದು ಎಷ್ಟು? ನಿಮ್ಮ ಪ್ರೊಸೆಸರಿನ ಹೆಸರಿನ ಮುಂದೆ 65 ವಾಟ್ ಎಂದಿರುತ್ತದೆ, ಆದರೆ ಭರ್ತಿ ಕೆಲಸದಲ್ಲಿ ಅದು 117ರವರೆಗೆ ಏರಬಲ್ಲದು. 3060 ಕಾರ್ಡಿಗೆ 170. ಮದರ್‌ಬೋರ್ಡ್, ರ‍್ಯಾಮ್, ಎರಡು ಡಿಸ್ಕ್, ಫ್ಯಾನುಗಳಿಗೆಂದು 60 ಇಟ್ಟುಕೊಳ್ಳಿ. ಒಟ್ಟು 350ರ ಹತ್ತಿರ. ಅದರಲ್ಲಿ 300ಕ್ಕೂ ಹೆಚ್ಚು 12 ವೋಲ್ಟಿನದೇ. ನಿಮ್ಮಲ್ಲಿರುವುದು 192. ಸಾಲದ್ದಕ್ಕೆ ಈ ಕಾರ್ಡುಗಳು ಕ್ಷಣಮಾತ್ರ ತಮ್ಮ ಮಿತಿ ಮೀರಿ ಎಳೆಯುವುದುಂಟು. ಅದಕ್ಕೇ ತಯಾರಕರಾದ ಎನ್‌ವಿಡಿಯಾದವರು ಈ ಕಾರ್ಡಿಗೆ 550 ವಾಟ್ ಎಸ್‌ಎಂಪಿಎಸ್ ಹೇಳಿದ್ದಾರೆ. ಒಳ್ಳೆಯ 550ರಲ್ಲಿ 12 ವೋಲ್ಟಿನ ಎದುರು 45 ಆಂಪಿಯರ್ ಆಸುಪಾಸು ಬರೆದಿರುತ್ತದೆ.

ಕನ್ವರ್ಟರ್ ವಿಷಯ. ಬಹುಪಾಲು 3060 ಕಾರ್ಡುಗಳಿಗೆ ಒಂದು 8 ಪಿನ್ ಕೇಬಲ್ ಬೇಕು. ಅದು 150 ವಾಟ್ ಒಯ್ಯುವಂಥದ್ದು. ಡಿಸ್ಕಿಗೆಂದು ಕೊಟ್ಟ ಸಾಟಾ ತುದಿ 12 ವೋಲ್ಟಿನಲ್ಲಿ ತಾಳುವುದು 54 ವಾಟ್ ಮಾತ್ರ. ಕನ್ವರ್ಟರ್ ಹಾಕಿ ಅದರಿಂದ ಕಾರ್ಡಿಗೆ ಕರೆಂಟು ಎಳೆದರೆ ಪ್ಲಾಸ್ಟಿಕ್ ಕರಗಬಹುದು. ಪ್ರೊಸೆಸರಿಗೆ ಹೋಗುವ 8 ಪಿನ್ನೂ ನೋಡಲು ಹಾಗೇ ಇರುತ್ತದೆ. ಅದರ ಪ್ಲಸ್, ಮೈನಸ್ ತಿರುಗುಮುರುಗು. ಒತ್ತಿ ಕೂರಿಸಲು ಯಾರಿಗೂ ಬಿಡಬೇಡಿ. ಎಸ್‌ಎಂಪಿಎಸ್ಸಿನಲ್ಲೇ ಕಾರ್ಡಿನ ಕೇಬಲ್ ಇಲ್ಲವೆಂದರೆ, ಅದನ್ನು ಮಾಡಿದವರೇ ಇದು ಇಂಥ ಕಾರ್ಡಿಗಲ್ಲ ಎಂದಂತಾಯಿತು.

ಕಾರ್ಡ್ ಹಾಕಿದ ದಿನ ಏನೂ ಆಗದಿರಬಹುದು. ಟೈಮ್‌ಲೈನಿನಲ್ಲಿ ಕತ್ತರಿಸುತ್ತ ಕುಳಿತಾಗಲೂ ಸುಮ್ಮನಿರುತ್ತದೆ. ರೆಂಡರ್ ಅರ್ಧ ಆದಾಗ ಫಕ್ಕನೆ ಆಫ್ ಆಗಿ ತಾನೇ ಮತ್ತೆ ಶುರುವಾಗುತ್ತದೆ. ಅಲ್ಲಿಗೆ ನಿಂತರೆ ಪುಣ್ಯ. ಅಗ್ಗದ ಎಸ್‌ಎಂಪಿಎಸ್ ಸಾಯುವಾಗ ಮದರ್‌ಬೋರ್ಡನ್ನೂ ಡಿಸ್ಕನ್ನೂ ಜತೆಗೆ ಒಯ್ಯಬಹುದು. ಕಾರ್ಡ್ ಹೋದರೆ ಇನ್ನೊಂದು ತರಬಹುದು. ಡಿಸ್ಕಿನಲ್ಲಿರುವ ಯಾರದೋ ಮದುವೆಯ ಧಾರೆಯನ್ನು ಮತ್ತೊಮ್ಮೆ ಶೂಟ್ ಮಾಡಲಾಗದು.

ಅತ್ತೆಯವರಿಗೆ ಹೀಗೆ ಹೇಳಿ: 550 ಎಂದರೆ ಕೊಡುವ ಶಕ್ತಿ, ಸದಾ ತಿನ್ನುವ ಲೆಕ್ಕವಲ್ಲ. ಒಳಗಿನವು ಕೇಳಿದಷ್ಟನ್ನೇ ಅದು ಎಳೆಯುತ್ತದೆ. ಜೋರು ರೆಂಡರಿನಲ್ಲೂ ಗೋಡೆಯ ಪ್ಲಗ್ಗಿನಿಂದ 400 ವಾಟ್ ಆಸುಪಾಸು, 5 ತಾಸು ನಡೆದರೆ 2 ಯೂನಿಟ್. ಅವರು ದಿನಾ ಚಟ್ನಿ ರುಬ್ಬುವ ಮಿಕ್ಸರೇ 500ರಿಂದ 750 ವಾಟಿನದು. ಅದನ್ನು ತಾಳುವ ವೈರಿಂಗ್ ಇದನ್ನೂ ತಾಳುತ್ತದೆ. ಹಳೆ ಮನೆಯಲ್ಲಿ ಪರೀಕ್ಷಿಸಬೇಕಾದದ್ದು ಅರ್ಥಿಂಗ್. ಬೇಸಿಗೆಯಲ್ಲಿ ಗುಂಡಿ ಒಣಗಿದ್ದರೆ ಪ್ರಯೋಜನವಿಲ್ಲ, ನೀರು ಹಾಕಿಸಿ.

ಇನ್ನು ವೋಲ್ಟೇಜ್. ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಶುರುವಾದಾಗ ಬಲ್ಬು ಮಂಕಾಗುವುದು ನಮ್ಮ ಕಡೆ ಹೊಸತಲ್ಲ. ಆಕ್ಟಿವ್ ಪಿಎಫ್‌ಸಿ ಇರುವ, 100-240 ವೋಲ್ಟ್ ಎಂದು ಬರೆದ ಎಸ್‌ಎಂಪಿಎಸ್ ಕೊಂಡರೆ ಈ ಏರಿಳಿತವನ್ನು ಸಹಿಸುತ್ತದೆ. ಹಳೆಯದರ ಹಿಂಬದಿಯಲ್ಲಿ 115/230 ಎಂಬ ಕೆಂಪು ಸ್ವಿಚ್ ಇದ್ದರೆ, ವೋಲ್ಟೇಜ್ ಕಡಿಮೆಯೆಂದು 115ಕ್ಕೆ ಸರಿಸೀರಿ, ಜೋಕೆ! ಪಂಪು ನಿಂತು 230 ಬಂದ ಕ್ಷಣ ಢಮಾರ್. ಯುಪಿಎಸ್ ಸಾಮಾನ್ಯವಾಗಿ ಸಿಗುವ 600 ವಿಎ ಆದರೆ, ಅದು ಹೊರುವುದು 360 ವಾಟ್ ಮಾತ್ರ. ನಿಮ್ಮ ಹೊಸ ಭಾರಕ್ಕೆ 1000 ವಿಎ ಮೇಲಿನದು ಬೇಕು, ಸೈನ್ ವೇವ್ ಆದರೆ ಒಳ್ಳೆಯದು. ಏಪ್ರಿಲ್, ಮೇ ಮದುವೆಯ ಕಾಲವೂ ಹೌದು, ಗುಡುಗು-ಸಿಡಿಲಿನ ಕಾಲವೂ ಹೌದು. ಮೋಡ ಕಟ್ಟಿತೆಂದರೆ ಫೈಲ್ ಸೇವ್ ಮಾಡಿ ಕಂಪ್ಯೂಟರಿನ ಪ್ಲಗ್, ರೌಟರಿನ ಪ್ಲಗ್ ಎರಡನ್ನೂ ಕೀಳಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ದುಡ್ಡು ಒಟ್ಟಿಗೆ ಹೊಂದದಿದ್ದರೆ ಮೊದಲು ಎಸ್‌ಎಂಪಿಎಸ್, ಆಮೇಲೆ ಯುಪಿಎಸ್, ಕೊನೆಗೆ ಕಾರ್ಡ್. ಪರೀಕ್ಷಿಸಿ ನೋಡಿ ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳಬಹುದು, ಸೆಕೆಂಡ್ ಹ್ಯಾಂಡ್ ಎಸ್‌ಎಂಪಿಎಸ್ ಮಾತ್ರ ಬೇಡ. 80 ಪ್ಲಸ್ ಗುರುತು ಇರಲಿ. ಆದರೆ ಅದು ಕರೆಂಟು ಎಷ್ಟು ಪೋಲಾಗುತ್ತದೆ ಎಂಬುದರ ಅಳತೆ, ಬಾಳಿಕೆಯ ಖಾತರಿಯಲ್ಲ. ಬಾಳಿಕೆಗೆ 5 ವರ್ಷದ ವಾರಂಟಿ ಕೇಳಿ. ಎಲ್ಲ ಹಾಕಿದ ಮೇಲೆ ಅಂಗಡಿಯಲ್ಲೇ ಅರ್ಧ ತಾಸು ರೆಂಡರ್ ಓಡಿಸಿ, ಹಳದಿ-ಕಪ್ಪು ತಂತಿಯ ನಡುವೆ ಮಲ್ಟಿಮೀಟರ್ ಇಡಿಸಿ. 11.4ರಿಂದ 12.6 ವೋಲ್ಟಿನ ಒಳಗಿದ್ದರೆ ಸರಿ. ಹಳೆಯ ಎಸ್‌ಎಂಪಿಎಸ್ಸನ್ನು ಬಿಚ್ಚಿ ನೋಡುವ ಕುತೂಹಲ ಬೇಡ, ಪ್ಲಗ್ ಕಿತ್ತ ಮೇಲೂ ಒಳಗೆ 300 ವೋಲ್ಟಿಗೂ ಮಿಕ್ಕಿ ಉಳಿದಿರಬಹುದು.

ಶಿರಸಿಗೆ ಹೋದಾಗ ವಾಟ್ ಎಷ್ಟೆಂದು ಕೇಳಬೇಡಿ. "12 ವೋಲ್ಟಿನ ಎದುರು ಎಷ್ಟು ಆಂಪಿಯರ್ ಬರೆದಿದೆ, ತೋರಿಸಿ" ಎನ್ನಿ. ಡಬ್ಬಿ ತಿರುಗಿಸಿ ತೋರಿಸುವ ಅಂಗಡಿಯಲ್ಲಿ ವ್ಯಾಪಾರ ಮಾಡಿ.