ಬಾಳೆಹಣ್ಣಿನಲ್ಲೂ ವಿಕಿರಣ, ಹೊಗೆಸೊಪ್ಪಿನಲ್ಲೂ ವಿಕಿರಣ

ಮಕ್ಕಳೇ, ವಿಕಿರಣ ಎಂದೊಡನೆ ನಿಮಗೆ ಕೈಗಾ ಅಣು ವಿದ್ಯುತ್ ಸ್ಥಾವರ ನೆನಪಾಗಬಹುದು. ಆದರೆ ನೀವು ತಿನ್ನುವ ಬಾಳೆಹಣ್ಣಿನಲ್ಲೂ ವಿಕಿರಣವಿದೆ! ಹಣ್ಣಿನಲ್ಲಿ ಪೊಟ್ಯಾಸಿಯಂ-40 ಎಂಬ ವಿಕಿರಣಶೀಲ ಪರಮಾಣುಗಳು ತುಸು ಇರುತ್ತವೆ. ಒಂದು ಹಣ್ಣಿನಲ್ಲಿ ಸೆಕೆಂಡಿಗೆ ಸುಮಾರು 15 ಪರಮಾಣುಗಳು ಬೇರೆ ಧಾತುವಿನ ಪರಮಾಣುಗಳಾಗಿ ಬದಲಾಗುತ್ತವೆ. ಆಗ ವಿಕಿರಣ ಹೊಮ್ಮುತ್ತದೆ. ಹೆದರಬೇಡಿ, ದೇಹವು ಬೇಕಾದಷ್ಟು ಪೊಟ್ಯಾಸಿಯಂ ಇಟ್ಟುಕೊಂಡು ಉಳಿದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ.

ಮನೆಯ ಗ್ರಾನೈಟ್ ಕಲ್ಲಿನಲ್ಲೂ ಹೊಲದ ಮಣ್ಣಿನಲ್ಲೂ ಅತ್ಯಲ್ಪ ಯುರೇನಿಯಂ ಇದೆ. ಅದು ಬದಲಾಗುತ್ತಾ ರೇಡಾನ್ ಅನಿಲವಾಗಿ ಗಾಳಿಗೆ ಸೇರುತ್ತದೆ. ರೇಡಾನ್‌ನಿಂದ ವಿಕಿರಣಶೀಲ ಸೀಸ ಹುಟ್ಟುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ತಾಲ್ಲೂಕುಗಳಲ್ಲಿ ಹೊಗೆಸೊಪ್ಪು ಬೆಳೆಯುತ್ತಾರೆ. ಅದರ ಎಲೆ ಮುಟ್ಟಿದರೆ ಬೆರಳು ಅಂಟಂಟು, ಅಲ್ಲವೇ? ಎಲೆಯ ಮೇಲಿನ ಅಂಟು ರೋಮಗಳಿಗೆ ಗಾಳಿಯ ಧೂಳಿನೊಡನೆ ಆ ಸೀಸವೂ ಅಂಟುತ್ತದೆ. ಮುಂದೆ ಅದೇ ಪೊಲೋನಿಯಂ-210 ಆಗುತ್ತದೆ.

ಪೊಲೋನಿಯಂ ಹೊಮ್ಮಿಸುವ ಆಲ್ಫಾ ಕಣಗಳನ್ನು ಒಂದು ಹಾಳೆ ಕಾಗದವೇ ತಡೆಯುತ್ತದೆ. ಅವು ಚರ್ಮವನ್ನೂ ದಾಟಲಾರವು. ಆದ್ದರಿಂದ ಸೊಪ್ಪು ಕೀಳುವವರಿಗೆ ಈ ವಿಕಿರಣದ ಭಯವಿಲ್ಲ. (ಒದ್ದೆ ಎಲೆಯ ನಿಕೋಟಿನ್ ಮಾತ್ರ ಚರ್ಮದ ಮೂಲಕ ಒಳಸೇರಿ ವಾಂತಿ, ತಲೆಸುತ್ತು ತರುತ್ತದೆ.)

ಆದರೆ ಹೊಗೆಸೊಪ್ಪನ್ನು ಸುಟ್ಟು ಸೇದಿದರೆ? ಪೊಲೋನಿಯಂ ಹೊಗೆಯೊಡನೆ ಶ್ವಾಸಕೋಶದಲ್ಲಿ ಹೋಗಿ ಕೂರುತ್ತದೆ. ಅಲ್ಲಿ ಕಾಯುವ ಚರ್ಮವಿಲ್ಲ. ಆಲ್ಫಾ ಕಣಗಳು ನೇರವಾಗಿ ಜೀವಕೋಶಗಳಿಗೆ ಬಡಿಯುತ್ತವೆ. ಸಿಗರೇಟಿನ ಹೊಗೆಯಲ್ಲಿ ಪೊಲೋನಿಯಂ ಇರುವುದನ್ನು ಅಮೆರಿಕದ ವಿಜ್ಞಾನಿಗಳು 1964ರಲ್ಲೇ ತೋರಿಸಿದರು. ಹೊಗೆಯಲ್ಲಿರುವ ಹಲವು ಕ್ಯಾನ್ಸರ್‌ಕಾರಕಗಳಲ್ಲಿ ಇದೂ ಒಂದು.

ವಿಕಿರಣ ಎಲ್ಲೆಡೆ ಇದೆ. ಅದು ಎಷ್ಟಿದೆ, ದೇಹದಲ್ಲಿ ಎಲ್ಲಿ ಸೇರುತ್ತದೆ ಎಂಬುದೇ ಮುಖ್ಯ. ನಿಮ್ಮ ಮನೆಯಲ್ಲಿ ಯಾರಾದರೂ ಸೇದುತ್ತಾರೆಯೇ? ಈ ಪಾಠವನ್ನು ಅವರಿಗೂ ಓದಿ ಹೇಳಿ.